ಬಾಗಿಲು ಕೇಳಿರದ ಅಳಲು

ನಮ್ಮ ಊರಿನ ಗುಡ್ಡದ ಮೇಲೆ ಒಂದು ವಿದ್ಯಾಲಯವಿದೆ. ಅದಕ್ಕೆ ಒಂದೇ ಬಾಗಿಲು. ಆ ಬಾಗಿಲಿಗೆ ಬೀಗವಿಲ್ಲ, ಅಗುಳಿಯಿಲ್ಲ. ಹಿಂದೆಂದೂ ಕೇಳಿರದ ಅಳಲೊಂದನ್ನು ಕೇಳಿದರೆ ಮಾತ್ರ ಅದು ತೆರೆಯುತ್ತದೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾವು ಯಾರೂ ಕೇಳಲಿಲ್ಲ, ನಮ್ಮ ಹಿರಿಯರೂ ಕೇಳಲಿಲ್ಲ.

ಬೂರುಗದ ಕಾಯಿ ಒಡೆದು ಹತ್ತಿ ಹಾರುವ ದಿನಗಳಲ್ಲಿ, ಓದುವ ವಯಸ್ಸಿಗೆ ಬಂದ ಮಕ್ಕಳು ಬಿಳಿ ಬಟ್ಟೆ ಉಟ್ಟು ಗುಡ್ಡ ಹತ್ತುತ್ತಾರೆ. ಬಾಗಿಲ ಮುಂದೆ ಕಲ್ಲಿನ ತೊಟ್ಟಿಯಿದೆ. ಅದರ ನೀರಿನಲ್ಲಿ ಕಾಲು ತೊಳೆಯಬೇಕು. ಬಲಗೈಯನ್ನು ಬಾಗಿಲಿನ ಮರದ ಮೇಲೆ ಇಡಬೇಕು. ಅಳಲು ಹೇಳಬೇಕು. ಪಕ್ಕದಲ್ಲಿ ಕಾವಲಿನವನು ನಿಂತಿರುತ್ತಾನೆ. ನಮ್ಮ ಅಜ್ಜಂದಿರ ಕಾಲಕ್ಕೂ ಅವನೇ ಕಾವಲಿನವನು. ಅಳಲು ಹಳೆಯದಾದರೆ ಮರ ಅಲುಗುವುದಿಲ್ಲ. ಆಗ ಅವನು ಹೇಳುತ್ತಾನೆ: “ಇದು ಕೇಳಿದ್ದು. ಮುಂದಿನವರು ಬನ್ನಿ.” ಅವನ ದನಿಯಲ್ಲಿ ಸಿಟ್ಟಿಲ್ಲ, ಕನಿಕರವೂ ಇಲ್ಲ. ಮಗು ಒದ್ದೆ ಕಾಲಿನಲ್ಲೇ ಗುಡ್ಡ ಇಳಿದು ಬರುತ್ತದೆ.

ಪ್ರತಿ ವರ್ಷ ಮೊದಲ ಮಗು ಕೈ ಇಡುವ ಮುಂಚೆ ಕಾವಲಿನವನು ನಿಯಮಗಳನ್ನು ಹೇಳುತ್ತಾನೆ. “ಸುಳ್ಳು ಹೇಳಿದರೆ ಮರ ಬೆವರುತ್ತದೆ. ಒಬ್ಬರಿಗೆ ಒಂದೇ ಸಲ. ತೆರೆದ ಬಾಗಿಲು ಒಬ್ಬರನ್ನು ಒಳಗೆ ತೆಗೆದುಕೊಳ್ಳದೆ ಮುಚ್ಚುವುದಿಲ್ಲ. ಅಳಲು ಯಾರದೋ ಅವರೇ ಒಳಗೆ ಹೋಗಬೇಕು.” ಮೊದಮೊದಲಿನ ಮಾತುಗಳನ್ನು ನಾವು ಕಿವಿಗೊಟ್ಟು ಕೇಳುತ್ತಿದ್ದೆವು. ಕೊನೆಯ ಮಾತಿನ ಹೊತ್ತಿಗೆ ತಾಯಂದಿರೆಲ್ಲ ಮಕ್ಕಳ ಬಟ್ಟೆಯ ನೆರಿಗೆ ಸರಿಪಡಿಸುತ್ತಿದ್ದರು. ಅಳಲು ಯಾರದು ಎಂಬ ಪ್ರಶ್ನೆ ಅಲ್ಲಿಯವರೆಗೆ ಬಂದೇ ಇರಲಿಲ್ಲವಲ್ಲ.

ಒಳಗೆ ಹೋದವರು ಹಿಂದಿರುಗುವುದಿಲ್ಲ. ಓದು ಮುಗಿದ ಮೇಲೆ ಗುಡ್ಡದ ಆಚೆಗೆ ಇಳಿದು ದೊಡ್ಡ ದೊಡ್ಡ ಊರುಗಳಿಗೆ ಹೋಗುತ್ತಾರಂತೆ. ಹೆತ್ತವರು ಕಣ್ಣು ಮುಚ್ಚಿ ಬೇಡುತ್ತಿದ್ದದ್ದು ಅದನ್ನೇ: ನಮ್ಮ ಮಗು ಹಿಂದಿರುಗದೆ ಇರಲಿ, ದೇವರೇ.

ಹಿಂದೆ ಸುಲಭವಿತ್ತು ಎನ್ನುತ್ತಾರೆ. ಅಪ್ಪ ಸತ್ತ ಎಂದರೆ ಸಾಕಿತ್ತು, ಬಾಗಿಲು ತೆರೆಯುತ್ತಿತ್ತು. ಸಾವಿನ ಮನೆಗೆ ಹೋದವರು ಮಗುವಿನ ತಲೆ ಸವರಿ, “ನಿನಗೊಂದು ದಾರಿಯಾಯ್ತು ಬಿಡು ಮಗೂ,” ಎಂದು ಒಳಗೊಳಗೇ ಹೊಟ್ಟೆಕಿಚ್ಚು ಪಡುತ್ತಿದ್ದ ಕಾಲವದು. ಆಮೇಲೆ ಸಾವು ಹಳೆಯದಾಯಿತು. ಹಸಿವು ಹಳೆಯದಾಯಿತು. ಮನೆಗೆ ಬೆಂಕಿ ಬಿದ್ದದ್ದು, ಅಣ್ಣತಮ್ಮಂದಿರು ಬೇರೆಯಾದದ್ದು, ಕಾಲು ಕುಂಟಾದದ್ದು, ಎಲ್ಲವೂ ಕೇಳಿದ್ದಾಯಿತು. ಹೊಸ ಅಳಲು ಸಿಗುವುದೇ ಕಷ್ಟವಾದಾಗ ಊರಿಗೆ ಹದಗಾರ್ತಿ ಬಂದಳು. ಮಕ್ಕಳನ್ನು ಬಾಗಿಲಿಗೆ ಹದ ಮಾಡುವವಳು ಎಂದು ನಾವೇ ಅವಳಿಗೆ ಆ ಹೆಸರಿಟ್ಟೆವು. ಬಾಗಿಲು ಈವರೆಗೆ ಏನೇನು ಕೇಳಿದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅವಳು ಬೀದಿಯಲ್ಲಿ ಬಂದರೆ ತಾಯಂದಿರು ತಲೆಯ ಮೇಲೆ ಸೆರಗು ಹೊದೆದುಕೊಂಡು ಎದ್ದು ನಿಲ್ಲುತ್ತಿದ್ದರು.

ನನ್ನ ಮನೆಗೆ ಒತ್ತಿಕೊಂಡಂತೆ ಹಾಸಿಗೆಯವನ ಮನೆ. ಗಂಡ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ, ಹೆಂಡತಿ ದಬ್ಬಣ ಹಿಡಿದು ಹಾಸಿಗೆ ಹೊಲಿಯುತ್ತಿದ್ದಳು. ಅವರಿಗೊಬ್ಬಳು ಮಗಳು. ಆ ಮೂವರ ತಲೆಗೂದಲಲ್ಲಿ, ಹುಬ್ಬಿನಲ್ಲಿ, ಅನ್ನದ ತಟ್ಟೆಯಲ್ಲಿ ಸದಾ ಹತ್ತಿಯ ಎಳೆ. ಗೋಡೆಯಾಚೆಯಿಂದ ಬಿಲ್ಲಿನ ಡೊಂಯ್ ಡೊಂಯ್ ಸದ್ದು, ಅದರ ಮೇಲೆ ಅವರ ನಗು. ನನಗೆ ಎಷ್ಟೋ ಸಲ ರೇಗುತ್ತಿತ್ತು. ಅಷ್ಟು ನಗುವುದಕ್ಕೆ ಅವರ ಮನೆಯಲ್ಲಿ ಏನಿತ್ತು ಅಂತ!

ಹುಡುಗಿ ಚೂಟಿ. ಕಂಡದ್ದನ್ನೆಲ್ಲ ಯಾಕೆ ಎಂದು ಕೇಳುವವಳು. ಕೊಡದ ನೀರಿನಲ್ಲಿ ಕೋಲು ಅದ್ದಿ, “ಅಕ್ಕಾ, ಇದು ಯಾಕೆ ಮುರಿದ ಹಾಗೆ ಕಾಣುತ್ತೆ? ತೆಗೆದ್ರೆ ನೆಟ್ಟಗಿದೆ ನೋಡಿ,” ಎಂದು ನನ್ನನ್ನು ಕಾಡುತ್ತಿದ್ದಳು. ನನಗೇನು ಗೊತ್ತು? “ವಿದ್ಯಾಲಯದಲ್ಲಿ ಹೇಳಿಕೊಡ್ತಾರೆ ಹೋಗು,” ಎನ್ನುತ್ತಿದ್ದೆ. ಅವಳು ಗುಡ್ಡದ ಕಡೆ ನೋಡುತ್ತ ನಿಲ್ಲುತ್ತಿದ್ದಳು. ನಮ್ಮ ಊರಿನಲ್ಲಿ ನಿಜವಾಗಿ ಓದಬೇಕೆಂದು ಓದಲು ಹೊರಟವಳು ಅವಳೊಬ್ಬಳೇ ಇದ್ದಳೋ ಏನೋ.

ಅವಳ ವರ್ಷ ಹತ್ತಿರವಾದಾಗ ತಾಯಿ ಹದಗಾರ್ತಿಯನ್ನು ಕರೆಸಿದಳು. ಹದಗಾರ್ತಿ ಹತ್ತಿಯ ರಾಶಿಯ ಪಕ್ಕದಲ್ಲಿ ಮಣೆಯ ಮೇಲೆ ಕೂತು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡಳು.

“ನಿನಗೇನು ಅಳಲಿದೆ ಹೇಳು.”

ಹುಡುಗಿ ಯೋಚಿಸಿದಳು. “ನಮ್ಮ ಬೆಕ್ಕು ಮರಿ ಹಾಕೋಕೆ ಪಕ್ಕದ ಮನೆಗೆ ಹೋಯ್ತು.”

“ಕೇಳಿದ್ದು.”

“ಅಜ್ಜಿ ತೀರಿಕೊಂಡ್ರು. ಆಗ ನಾನು ಚಿಕ್ಕೋಳು.”

“ಕೇಳಿದ್ದು. ಇನ್ನೇನಾದ್ರೂ?”

“ನೀರಲ್ಲಿಟ್ಟ ಕೋಲು ಯಾಕೆ ಮುರಿದ ಹಾಗೆ ಕಾಣುತ್ತೆ ಅಂತ ಯಾರೂ ಹೇಳ್ತಿಲ್ಲ.”

ಹದಗಾರ್ತಿ ಅವಳನ್ನು ನೀರಿಗೆ ಕಳಿಸಿ ತಾಯಿಯ ಕಡೆ ತಿರುಗಿದಳು. “ಏನಮ್ಮಾ, ಈ ಮನೇಲಿ ಹುಡುಕಿದ್ರೂ ಒಂದು ಹಿಡಿ ದುಃಖ ಸಿಗಲ್ವಲ್ಲ. ಇಷ್ಟು ವರ್ಷ ಏನು ಮಾಡ್ತಿದ್ರಿ ಗಂಡ ಹೆಂಡ್ತಿ?”

ತಾಯಿ ತಲೆ ತಗ್ಗಿಸಿದಳು. ಕಸ ಗುಡಿಸದ ಮನೆಗೆ ನೆಂಟರು ಬಂದಾಗ ತಗ್ಗಿಸುತ್ತೇವಲ್ಲ, ಹಾಗೆ. “ತಪ್ಪಾಯ್ತಮ್ಮಾ. ನಮಗೆ ತಿಳೀಲಿಲ್ಲ. ಈಗೇನಾದ್ರೂ ದಾರಿ ಇದ್ಯಾ?”

“ಬೇಕಾದ್ರೆ ನಾನು ಸಾಯ್ತೀನಿ,” ಎಂದ ತಂದೆ. ಅವನು ತಮಾಷೆಗೆ ಹೇಳಿದ್ದಲ್ಲ.

“ಸಾವು ಹಳೇದು ಕಣಯ್ಯಾ. ಸುಮ್ನೆ ಸತ್ತು ದಂಡ.” ಹದಗಾರ್ತಿ ಕಣ್ಣು ಮುಚ್ಚಿ ತುಟಿ ಆಡಿಸಿದಳು. ಬಾಗಿಲು ಕೇಳಿದ್ದನ್ನೆಲ್ಲ ಮನಸ್ಸಿನಲ್ಲೇ ದಾಟುತ್ತಿದ್ದಳು. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದಳು. “ಒಂದಿದೆ. ಹೆತ್ತವರು ಬಿಟ್ಟುಹೋದ್ರು ಅಂತ ಹೇಳಿದ್ದಾರೆ, ಹೊಡೆದ್ರು ಅಂತ ಹೇಳಿದ್ದಾರೆ. ಆದ್ರೆ ಕಣ್ಣೆದುರಿಗೇ ಇದ್ದು, ಬಡಿಸಿ, ಹಾಸಿ, ಹೊದಿಸಿ, ಮಗಳನ್ನ ಮಾತ್ರ ಕಾಣದೇ ಹೋದ್ರು ಅಂತ ಯಾರೂ ಹೇಳಿಲ್ಲ. ಇವತ್ತಿಂದ ಅವಳು ನಿಮ್ಮ ಕಣ್ಣಿಗೆ ಬೀಳಬಾರದು. ಅವಳ ಮಾತು ನಿಮ್ಮ ಕಿವಿಗೆ ಬೀಳಬಾರದು.”

“ಅವಳಿಗೆ ಯಾಕೆ ಅಂತ ಹೇಳಬಹುದಾ?”

“ಹೇಳಿದ್ರೆ ಅದು ಆಟ ಆಗುತ್ತೆ. ಮರ ಬೆವರುತ್ತೆ.”

“ಎಲ್ಲೀವರೆಗೆ ಹೀಗೆ?”

“ಬಾಗಿಲು ತೆರೆಯೋವರೆಗೆ.”

“ಆಮೇಲೆ ಹೇಳಬಹುದಲ್ವಾ?”

“ಆಮೇಲೆ ಅವಳು ಒಳಗಿರ್ತಾಳಲ್ಲಮ್ಮಾ,” ಎಂದಳು ಹದಗಾರ್ತಿ.

ತಾಯಿ ಒಂದು ಹಿಡಿ ಹತ್ತಿ ತೆಗೆದುಕೊಂಡು ಅದನ್ನು ಬಿಡಿಸುತ್ತ ಬಿಡಿಸುತ್ತ ಕೂತಳು. ಇನ್ನು ಬಿಡಿಸಲು ಏನೂ ಉಳಿಯದಾದಾಗ “ಆಗಲಿ,” ಎಂದಳು.

ಮರುದಿನ ಬೆಳಿಗ್ಗೆ ಹುಡುಗಿ ಎಂದಿನಂತೆ ಬಾಚಣಿಗೆ ತಂದು ತಾಯಿಯ ಕೈಗೆ ಕೊಡಲು ಹೋದಳು. ತಾಯಿಯ ಕೈ ಚಾಚಲಿಲ್ಲ. ಹುಡುಗಿ ಬಾಚಣಿಗೆಯನ್ನು ಅವಳ ಮಡಿಲಲ್ಲಿಟ್ಟು, ಬೆನ್ನು ತಿರುಗಿಸಿ, ಕೂದಲು ಬಿಚ್ಚಿಕೊಂಡು ಕೂತಳು. ತಾಯಿ ಎದ್ದು ಹೋದಳು. ಬಾಚಣಿಗೆ ನೆಲಕ್ಕೆ ಬಿತ್ತು. ಹುಡುಗಿ ಹಾಗೇ ಕೂತಿದ್ದಳು, ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವವರೆಗೆ.

ಅಂದಿನಿಂದ ಆ ಮನೆಯಲ್ಲಿ ಒಂದು ತಟ್ಟೆಗೆ ಅನ್ನ ಬಡಿಸಿ ಇಡುತ್ತಿದ್ದರು, ಆದರೆ ಯಾರನ್ನೂ ಊಟಕ್ಕೆ ಕರೆಯುತ್ತಿರಲಿಲ್ಲ. ಹಾಸಿಗೆ ಹಾಸುತ್ತಿದ್ದರು, ಮಲಗು ಎನ್ನುತ್ತಿರಲಿಲ್ಲ. ಹುಡುಗಿ ತಂದೆಯ ಮುಂದೆ ಕೂತು “ಅಪ್ಪಾ, ನಾನೇನು ಮಾಡಿದೆ?” ಎಂದಾಗ ಅವನು ಬಿಲ್ಲು ಮೀಟುತ್ತಿದ್ದ. ಡೊಂಯ್. “ಅಪ್ಪಾ.” ಡೊಂಯ್. “ಅಪ್ಪಾ, ಇಲ್ಲಿ ನೋಡು.” ಡೊಂಯ್ ಡೊಂಯ್ ಡೊಂಯ್. ಹತ್ತಿ ಎದ್ದು ಮನೆಯೆಲ್ಲ ತುಂಬುತ್ತಿತ್ತು, ಆ ಬಿಳಿಯಲ್ಲಿ ಅವನ ಮುಖವೂ ಕಾಣುತ್ತಿರಲಿಲ್ಲ, ಅವಳ ಮುಖವೂ ಕಾಣುತ್ತಿರಲಿಲ್ಲ. ಗೋಡೆಯಾಚೆ ನಗು ನಿಂತುಹೋಯಿತು. ಬೀದಿಯವರು ಯಾರೂ ಇದನ್ನು ತಪ್ಪೆನ್ನಲಿಲ್ಲ. “ಪಾಪ, ಮಗಳಿಗೋಸ್ಕರ ಎಷ್ಟು ಕಷ್ಟಪಡ್ತಿದಾರೆ,” ಎಂದರು. ತಮ್ಮ ತಮ್ಮ ಮನೆಗಳಲ್ಲಿ ತಾವು ಮಾಡುತ್ತಿದ್ದುದು ಅವರಿಗೆ ಗೊತ್ತಿತ್ತಲ್ಲ.

ವಿದ್ಯಾಲಯಕ್ಕೆ ಹೋಗುವ ಮಗುವಿನ ಜೊತೆ ಒಂದು ಹಾಸಿಗೆ ಕೊಟ್ಟು ಕಳಿಸುವುದು ನಮ್ಮಲ್ಲಿ ಪದ್ಧತಿ. ಊರಿನ ಮಕ್ಕಳಿಗೆಲ್ಲ ಹೊಲಿದುಕೊಟ್ಟ ಕೈಗೆ ಈಗ ತನ್ನ ಮಗಳಿಗೆ ಹೊಲಿಯುವ ಸರದಿ. ತಾಯಿ ಅದನ್ನು ಮಧ್ಯಾಹ್ನ ಹೊಲಿಯುತ್ತಿದ್ದಳು, ಹುಡುಗಿ ಹೊಳೆಗೆ ಹೋದ ಹೊತ್ತಿನಲ್ಲಿ. ಒಂದು ದಿನ ಹುಡುಗಿ ಬೇಗ ಹಿಂದಿರುಗಿದಳು. ಆಮೇಲೆ ನಡೆದದ್ದನ್ನು ಅವಳೇ ಎಷ್ಟೋ ಕಾಲದ ನಂತರ ನನಗೆ ಹೇಳಿದಳು.

ಒಳಗೆ ಅಮ್ಮನ ಮಾತು ಕೇಳಿಸಿತಂತೆ. ಯಾರೋ ಬಂದಿದ್ದಾರೆ ಎಂದುಕೊಂಡು ಅವಳು ಹತ್ತಿಯ ರಾಶಿಯ ಹಿಂದೆ ನಿಂತಳು. ಯಾರೂ ಬಂದಿರಲಿಲ್ಲ. ತಾಯಿ ಹಿಡಿ ಹತ್ತಿಯನ್ನು ಬಾಯಿಗೆ ಹತ್ತಿರ ಹಿಡಿದು ಅದಕ್ಕೆ ಹೇಳುತ್ತಿದ್ದಳು. “ಉಂಡ್ಯಾ ಮಗಳೇ? ಇವತ್ತು ಸಾರು ಹಾಗೇ ಬಿಟ್ಟಿದ್ದೀಯ. ಖಾರ ಆಗಿತ್ತಾ?” ಹೇಳಿ, ಆ ಹತ್ತಿಯನ್ನು ಹಾಸಿಗೆಯೊಳಗೆ ತುಂಬಿ, ದಬ್ಬಣದಿಂದ ಒಂದು ಹೊಲಿಗೆ ಹಾಕಿದಳು. ಇನ್ನೊಂದು ಹಿಡಿ ತೆಗೆದುಕೊಂಡಳು. “ನಿನ್ನ ಕೂದಲು ಸಿಕ್ಕಾಗಿದೆ ಕಣೇ. ನನ್ನ ಕೈ ಸುಮ್ನಿರಲ್ಲ ಅಂತ ಕೈ ಮೇಲೆ ಕೂತ್ಕೊಂಡೆ ಬೆಳಿಗ್ಗೆ.” ಮತ್ತೆ ಹೊಲಿಗೆ. “ಕೋಲು ಯಾಕೆ ಮುರಿದ ಹಾಗೆ ಕಾಣುತ್ತೆ ಅಂತ ಕೇಳಿದ್ಯಲ್ಲ. ನಾನೂ ನೀರಲ್ಲಿಟ್ಟು ನೋಡಿದೆ. ನನಗೂ ಹಾಗೇ ಕಾಣ್ತು.” ಮತ್ತೆ ಹೊಲಿಗೆ.

ಹುಡುಗಿ ಹತ್ತಿಯ ರಾಶಿಯೊಳಗೆ ಮುಖ ಹುದುಗಿಸಿ ಅತ್ತಳು. ಅತ್ತು ಮುಗಿಯುವ ಮೊದಲೇ ನಗು ಬಂತು. ಅಮ್ಮ ತನ್ನನ್ನು ಕಾಣುತ್ತಿದ್ದಾಳೆ! ಬಿಟ್ಟ ಸಾರಿನವರೆಗೂ ಕಾಣುತ್ತಿದ್ದಾಳೆ! ಓಡಿಹೋಗಿ ಅವಳ ಕೊರಳಿಗೆ ಬೀಳಬೇಕೆನ್ನಿಸಿತು. ಆದರೆ ಇದೆಲ್ಲ ಬಾಗಿಲಿಗಾಗಿ ಎಂದು ಅವಳಿಗೆ ಅರ್ಥವಾಗಿತ್ತು. ತನಗೆ ತಿಳಿಯಿತೆಂದು ತೋರಿಸಿದರೆ ಅಮ್ಮನ ಇಷ್ಟು ದಿನದ ಕಷ್ಟವೆಲ್ಲ ನೀರುಪಾಲು. ಅವಳು ಸದ್ದಿಲ್ಲದೆ ಹೊರಗೆ ಹೋಗಿ, ಕಾಲು ಎಳೆಯುತ್ತ, ಮುಖ ಬಾಡಿಸಿಕೊಂಡು ಮತ್ತೆ ಒಳಗೆ ಬಂದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಮೂವರೂ ನಟಿಸುತ್ತಿದ್ದರು. ತಾಯಿ ತಂದೆ ಕಾಣದವರಂತೆ, ಮಗಳು ಕೊರಗುವವಳಂತೆ. ಅಮ್ಮನಿಗೆ ನಂಬಿಕೆ ಬರಲೆಂದು ಹುಡುಗಿ ತಟ್ಟೆಯಲ್ಲಿ ಅರ್ಧ ಅನ್ನ ಬಿಡುತ್ತಿದ್ದಳು. ಆ ಅರ್ಧ ಅನ್ನ ನೋಡಿ ತಾಯಿ ಮಧ್ಯಾಹ್ನ ಹತ್ತಿಯ ಮುಂದೆ ಅಳುತ್ತಿದ್ದಳು. ಅದನ್ನು ಕೇಳಲು ಹುಡುಗಿ ದಿನವೂ ಹೊಳೆಯಿಂದ ಬೇಗ ಬಂದು ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು. ಅವಳ ಬಾಳಿನಲ್ಲಿ ಅಷ್ಟು ಸುಖದ ದಿನಗಳು ಬೇರೆ ಬರಲಿಲ್ಲವಂತೆ. ಅಳಲು ಬೆಳೆಯಲೆಂದು ಬಿತ್ತಿದ ಕಡೆ ಏನೂ ಬೆಳೆದಿರಲಿಲ್ಲ. ತಾಯಿಗೆ ಅದು ಗೊತ್ತಿರಲಿಲ್ಲ. ಹುಡುಗಿಗೆ ಗೊತ್ತಿತ್ತು, ಆದರೆ ಅದರ ಅರ್ಥ ತಿಳಿದಿರಲಿಲ್ಲ.

ಬೂರುಗದ ಕಾಯಿ ಒಡೆಯಿತು. ಬಿಳಿ ಬಟ್ಟೆಯ ಮಕ್ಕಳು ಗುಡ್ಡ ಹತ್ತಿದರು. ತಂದೆ ಹಾಸಿಗೆಯನ್ನು ತಲೆಯ ಮೇಲೆ ಹೊತ್ತಿದ್ದ, ತಾಯಿ ಮಗಳಿಂದ ನಾಲ್ಕು ಮಾರು ದೂರದಲ್ಲಿ ಯಾರದೋ ಜೊತೆ ಬಂದವಳಂತೆ ನಡೆಯುತ್ತಿದ್ದಳು. ನಾನೂ ಹೋಗಿದ್ದೆ. ಕಾವಲಿನವನು ನಿಯಮಗಳನ್ನು ಹೇಳಿದ. ಒಬ್ಬೊಬ್ಬರೇ ಕೈಯಿಟ್ಟರು. ಒಬ್ಬ ತನ್ನ ನೆರಳನ್ನು ಕಂಡರೆ ಹೆದರಿಕೆ ಎಂದ. ಮರ ಬೆವರಿತು. ಒಬ್ಬಳು ತನ್ನ ಒಡಹುಟ್ಟಿದವಳನ್ನು ದತ್ತು ಕೊಟ್ಟದ್ದು ಹೇಳಿದಳು. “ಇದು ಕೇಳಿದ್ದು. ಮುಂದಿನವರು ಬನ್ನಿ.” “ಇದು ಕೇಳಿದ್ದು. ಮುಂದಿನವರು ಬನ್ನಿ.”

ನಮ್ಮ ಹುಡುಗಿ ತೊಟ್ಟಿಯಲ್ಲಿ ಕಾಲಿಟ್ಟಳು. ನೀರಿನೊಳಗೆ ತನ್ನ ಕಾಲು ಮುರಿದಂತೆ ಕಂಡದ್ದನ್ನು ನೋಡಿ ಅವಳು ಮುಗುಳ್ನಕ್ಕದ್ದನ್ನು ನಾನು ಕಂಡೆ. ಇನ್ನೇನು, ಯಾಕೆಂದು ತಿಳಿಯುತ್ತದೆ. ಅವಳು ಮರದ ಮೇಲೆ ಕೈಯಿಟ್ಟಳು. ಹದಗಾರ್ತಿ ಬಯಸಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು: ನನ್ನ ಅಮ್ಮ ನನ್ನನ್ನು ಕಾಣಲಿಲ್ಲ. ಆದರೆ ಅದು ಸುಳ್ಳು ಎಂದು ಅವಳಿಗೆ ಗೊತ್ತು, ಮರಕ್ಕೂ ಗೊತ್ತಾಗುತ್ತದೆ. ಅವಳ ಬಳಿ ನಿಜವಾದದ್ದು ಒಂದೇ ಇತ್ತು. ಅದನ್ನು ಹೇಳಿದಳು.

“ನನ್ನ ಅಮ್ಮನಿಗೆ ನನ್ನ ಜೊತೆ ಮಾತಾಡೋ ಹಾಗಿರಲಿಲ್ಲ. ಅದಕ್ಕೆ ಅವಳು ಹತ್ತಿಗೆ ಹೇಳಿದಳು. ಉಂಡ್ಯಾ ಅಂತ ಹತ್ತಿಗೆ ಕೇಳಿದಳು. ನನ್ನ ತಲೆ ಬಾಚಬಾರದು ಅಂತ ತನ್ನ ಕೈ ಮೇಲೆ ತಾನೇ ಕೂತ್ಕೊಂಡಳು. ಹೇಳಿದ್ದನ್ನೆಲ್ಲ ಒಳಗಿಟ್ಟು ಹೊಲಿದುಬಿಟ್ಟಳು. ನಾನು ಕೇಳಿಸಿಕೊಳ್ತಿದ್ದೆ ಅಂತ ಅವಳಿಗೆ ಗೊತ್ತಿಲ್ಲ.”

ಕಾವಲಿನವನು ಬಾಯಿ ತೆರೆದ. “ಇದು ಕೇಳಿದ್ದು” ಎನ್ನಲಿಲ್ಲ. ಹಾಗೆ ತೆರೆದ ಬಾಯಿಂದ ಆ ಮಾತು ಬರದಿದ್ದದ್ದನ್ನು ನಾನು ಅಂದೇ ಕಂಡದ್ದು. ಮರ ಬೆವರಲಿಲ್ಲ. ಬಾಗಿಲು ಒಂದು ಉಸಿರು ಬಿಟ್ಟಂತೆ ಸದ್ದು ಮಾಡಿ ತೆರೆದುಕೊಂಡಿತು.

“ಮಗಳೇ!” ಎಂದಳು ತಾಯಿ. ಇಷ್ಟು ದಿನ ಬಾಯಲ್ಲೇ ಹಿಡಿದಿಟ್ಟಿದ್ದ ಕೂಗು ಅದು. ಓಡಿಬಂದು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. “ಕೇಳಿಸಿಕೊಳ್ತಿದ್ಯಾ? ಎಲ್ಲಾನೂ ಕೇಳಿಸಿಕೊಳ್ತಿದ್ಯಾ, ಕಳ್ಳಿ!” ಇಬ್ಬರೂ ನಕ್ಕರು, ಅತ್ತರು, ಮತ್ತೆ ನಕ್ಕರು. ಜನ ನಗಾಡಿದರು. ಹದಗಾರ್ತಿ ಸೆರಗಿನ ತುದಿ ತಿರುವುತ್ತ ಇದು ತನ್ನದೇ ಕೆಲಸ ಎನ್ನುವಂತೆ ನಿಂತಿದ್ದಳು. ತಂದೆ ಹಾಸಿಗೆಯನ್ನು ತಲೆಯಿಂದ ಇಳಿಸಿ ಮಗಳ ಕೈಗೆ ಕೊಟ್ಟ. ಹುಡುಗಿ ಅದನ್ನು ತಬ್ಬಿಕೊಂಡು ಹೊಸ್ತಿಲಿನತ್ತ ಕಾಲೆತ್ತಿದಳು.

ಕಾವಲಿನವನ ಕೈ ಅಡ್ಡ ಬಂತು.

“ಈ ಅಳಲು ಯಾರದು?”

“ನನ್ನ ಅಮ್ಮಂದು,” ಎಂದಳು ಹುಡುಗಿ, ಇನ್ನೂ ನಗುತ್ತಲೇ.

“ಹಾಗಾದರೆ ಅವಳು ಬರಲಿ.”

ಯಾರಿಗೂ ಅರ್ಥವಾಗಲಿಲ್ಲ. ಅವನು ಅದೇ ದನಿಯಲ್ಲಿ ಮತ್ತೆ ಹೇಳಿದ: “ಅಳಲು ಯಾರದೋ ಅವರೇ ಒಳಗೆ ಹೋಗಬೇಕು.”

ತಾಯಿ ಅವನ ಕಾಲು ಹಿಡಿದಳು. “ಸ್ವಾಮೀ, ನನಗೆ ಅಕ್ಷರ ಬರಲ್ಲ. ದಬ್ಬಣ ಬಿಟ್ಟು ಬೇರೆ ಹಿಡಿದೋಳಲ್ಲ. ನಾನು ಒಳಗೆ ಹೋಗಿ ಏನು ಓದಲಿ? ಅವಳಿಗೆ ಎಲ್ಲಾ ಗೊತ್ತು. ಏನು ಬೇಕಾದ್ರೂ ಕೇಳಿ ನೋಡಿ.”

“ಏನು ಗೊತ್ತು ಎಂದು ಈ ಬಾಗಿಲು ಕೇಳುವುದಿಲ್ಲ,” ಎಂದ ಕಾವಲಿನವನು.

“ನಾನು ಹೋಗಲ್ಲ.”

“ಹೋಗದಿದ್ದರೆ ಬಾಗಿಲು ಮುಚ್ಚುವುದಿಲ್ಲ. ಮುಚ್ಚದ ಬಾಗಿಲಿನ ಮೇಲೆ ಇನ್ನೊಬ್ಬರು ಕೈಯಿಡುವಂತಿಲ್ಲ.”

ಅವನು ಮಾಡಿದ್ದು ಅಷ್ಟೇ. ಮಿಕ್ಕಿದ್ದನ್ನು ಸಾಲಿನಲ್ಲಿದ್ದವರು ಮಾಡಿದರು. ಮೊದಲು ಮೆಲ್ಲಗೆ ಹೇಳಿದರು. “ಹೋಗಮ್ಮಾ, ಸಿಕ್ಕ ಭಾಗ್ಯ ಯಾಕೆ ಬಿಡ್ತೀಯ?” ಆಮೇಲೆ ಜೋರಾಗಿ ಹೇಳಿದರು. “ನಮ್ಮ ಮಕ್ಕಳು ಕಾಲು ನೆನೆಸಿಕೊಂಡು ನಿಂತಿದಾರೆ, ನಿನಗೊಬ್ಬಳಿಗೇನಾ ಮಗಳಿರೋದು?” ಆಮೇಲೆ ಹೇಳುವುದನ್ನು ಬಿಟ್ಟು ತಳ್ಳಿದರು. ಕೆಟ್ಟವರೇನಲ್ಲ ಅವರು. ಎಲ್ಲರೂ ತಮ್ಮ ಮಕ್ಕಳಿಗಾಗಿ ತಳ್ಳುತ್ತಿದ್ದರು. ತಂದೆ ಅವರ ನಡುವೆ ಕೈಯಾಡಿಸಿದ, ಆ ಬಿಳಿ ಬಟ್ಟೆಗಳ ರಾಶಿಯಲ್ಲಿ ಹೆಂಡತಿಯ ಕೈ ಅವನಿಗೆ ಸಿಗಲಿಲ್ಲ. ಹುಡುಗಿಗೆ ಅಮ್ಮನ ಸೆರಗಿನ ತುದಿ ಸಿಕ್ಕಿತು, ಜಾರಿತು. ತಾಯಿ ಹೊಸ್ತಿಲ ಆಚೆ ಬಿದ್ದು ಹಿಂದಿರುಗಿ ನೋಡುವಷ್ಟರಲ್ಲಿ ಬಾಗಿಲು ಮುಚ್ಚಿತು.

ಹುಡುಗಿ ಎರಡೂ ಕೈಯಿಂದ ಮರ ಬಡಿದಳು. “ನನಗೀಗ ಅಳಲಿದೆ! ಇದನ್ನ ಯಾರೂ ಹೇಳಿಲ್ಲ, ಹೇಳಿರೋಕೆ ಸಾಧ್ಯವೇ ಇಲ್ಲ! ಕೇಳಿ! ಒಂದು ಸಲ ಕೇಳಿ!”

ಅವಳು ಹೇಳಿದ್ದು ನಿಜ. ಆ ಬಾಗಿಲು ನಿಂತ ದಿನದಿಂದ ಅಂಥ ಅಳಲನ್ನು ಅದು ಕೇಳಿರಲಿಲ್ಲ.

“ಒಬ್ಬರಿಗೆ ಒಂದೇ ಸಲ,” ಎಂದ ಕಾವಲಿನವನು. “ಮುಂದಿನವರು ಬನ್ನಿ.”

ಒದ್ದೆ ಕಾಲಿನ ಮಗುವೊಂದು ಅವಳನ್ನು ಬಳಸಿಕೊಂಡು ಮುಂದೆ ಬಂತು.

ಹಾಸಿಗೆ ಮನೆಗೆ ಹಿಂದಿರುಗಿತು. ಅದರ ಮೇಲೆ ಯಾರೂ ಮಲಗಲಿಲ್ಲ. ಒಂದು ದಿನ ಹುಡುಗಿ ಹೊಲಿಗೆಗಳನ್ನು ಒಂದೊಂದೇ ಬಿಚ್ಚಿ, ಹಿಡಿಹಿಡಿಯಾಗಿ ಹತ್ತಿ ತೆಗೆದು ಕಿವಿಗೆ ಹಿಡಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹತ್ತಿ ಹತ್ತಿಯಾಗಿಯೇ ಇತ್ತು. ತಂದೆ ಅದನ್ನು ಮತ್ತೆ ಹಿಂಜಲು ಬಿಲ್ಲೆತ್ತಿದ, ಮೀಟಲಾರದೆ ಕೆಳಗಿಟ್ಟ. ಹದಗಾರ್ತಿ ಬೀದಿಯ ಇನ್ನೊಂದು ಮನೆಯಲ್ಲಿ ಕೂತು, “ತಾಯಿಯ ಅಳಲು ಕೇಳಿದ್ದಾಯ್ತು, ಬೇರೆ ನೋಡೋಣ,” ಎನ್ನುತ್ತಿದ್ದಳಂತೆ.

ಈಗ ಹುಡುಗಿ ದಿನವೂ ಗುಡ್ಡ ಹತ್ತುತ್ತಾಳೆ. ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ನಾನು ಅನ್ನದ ಗಂಟು ಹಿಡಿದುಕೊಂಡು ಅವಳ ಹಿಂದೆ ಹೋಗುತ್ತೇನೆ. ಒಳಗೆ ಮಕ್ಕಳು ಪಾಠ ಒಪ್ಪಿಸುವುದು ಕೇಳಿಸುತ್ತದೆ. ಒಂದು ದಿನ ಒಳಗಿನ ಪಾಠ ಹೀಗಿತ್ತು: “ನೀರಿನಲ್ಲಿಟ್ಟ ಕೋಲು ಮುರಿದಂತೆ ಕಾಣುತ್ತದೆ. ಏಕೆಂದರೆ…” ಎಳೆಯ ದನಿಗಳೆಲ್ಲ ಒಟ್ಟಾಗಿ ಮುಂದೆ ಹೋದವು. ಅವುಗಳ ಹಿಂದೆ, ಒಂದು ಮಾತಿನಷ್ಟು ತಡವಾಗಿ, ವಯಸ್ಸಾದ ದನಿಯೊಂದು ತೊದಲುತ್ತ ಬರುತ್ತಿತ್ತು. ಕಾಣುತ್ತದೆ. ಏಕೆಂದರೆ. ಏಕೆಂದರೆ. ಅಲ್ಲಿಗೆ ಅದು ನಿಂತಿತು. ಹುಡುಗಿ ಎದ್ದು ಗೋಡೆಗೆ ಕೆನ್ನೆ ಒತ್ತಿಕೊಂಡಳು. ಪಾಠ ಮುಗಿದ ಮೇಲೆ ನಾನು ಕೇಳಿದೆ, “ಕಾರಣ ಹೇಳಿದ್ರಲ್ಲೇ, ಏನಂತೆ?”

“ಕೇಳಿಸಿಕೊಳ್ಳಲಿಲ್ಲ ಅಕ್ಕಾ,” ಎಂದಳು. “ಅಮ್ಮನ ದನಿ ಹಿಡ್ಕೊಂಡು ನಿಂತಿದ್ದೆ.”

ಅವಳು ಬಾಗಿಲ ಮುಂದೆ ಬಂದು ತೊಟ್ಟಿಯಲ್ಲಿ ಕಾಲು ತೊಳೆದಳು. ಮರದ ಮೇಲೆ ಕೈಯಿಟ್ಟಳು. ಬಾಯನ್ನು ಮರಕ್ಕೆ ಹತ್ತಿರ ತಂದು, ಹತ್ತಿಗೆ ಹೇಳುವಷ್ಟು ಮೆಲ್ಲಗೆ ಕೇಳಿದಳು:

“ಉಂಡ್ಯಾ ಅಮ್ಮಾ?”

ಕಾವಲಿನವನು ಅವಳ ಕಡೆ ನೋಡಲಿಲ್ಲ. “ಇದು ಕೇಳಿದ್ದು,” ಎಂದ. “ಮುಂದಿನವರು ಬನ್ನಿ.”

ಅವಳ ಹಿಂದೆ ಯಾರೂ ಇರಲಿಲ್ಲ.